ಹಳೇ ಜಾಬ್ ಒಂದೂ ಡಿಲೀಟ್ ಮಾಡ್ದೆ ಹಾರ್ಡ್ ಡಿಸ್ಕಲ್ಲಿ ಜಾಗ ಮಾಡ್ಕೊಂಡಿದ್ದು – ನನ್ನ ಅನುಭವ

ಡಿಟಿಪಿ, ಅಂದ್ರೆ ಪ್ರಿಂಟ್‌ಗೆ ಹೋಗೋ ಪುಟಗಳನ್ನ ಕಂಪ್ಯೂಟರಲ್ಲಿ ಜೋಡಿಸೋ ಕೆಲಸ ಮಾಡೋರಿಗೆ ಹಳೇ ಫೈಲೇ ಬಂಡವಾಳ. ಸಹಕಾರ ಸಂಘದೋರು ಪ್ರತಿ ವರ್ಷ ಮಹಾಸಭೆ ಹತ್ರ ಬಂದಾಗ ವಾರ್ಷಿಕ ವರದಿ ಮಾಡ್ಸೋಕೆ ಬರ್ತಾರೆ, "ಹೋದ್ ವರ್ಷದ್ದೇ ತೆಗೀರಿ ಸಾರ್, ಅಂಕಿ ಅಂಶ ಮಾತ್ರ ಬದಲಾಯ್ಸಿದ್ರಾಯ್ತು" ಅಂತಾರೆ. ಜಾತ್ರೆ ಕರಪತ್ರದ್ದೂ ಅದೇ ಕತೆ, ತಾರೀಖು ಬದಲಾಗುತ್ತೆ, ಉಳಿದಿದ್ದೆಲ್ಲ ಹಾಗೇ. ಅದಕ್ಕೇ ಡಿ ಡ್ರೈವ್ ತುಂಬಿ ಕೆಂಪಾದಾಗ ಡಿಲೀಟ್ ಮಾಡೋ ಯೋಚನೆನೇ ಬಿಟ್ಟೆ, ವರ್ಷಕ್ಕೊಂದ್ ಸಲ ಮಾತ್ರ ಬೇಕಾಗೋದನ್ನ ಕಂಪ್ರೆಸ್ ಮಾಡಿ ಇಡೋಣ ಅಂತ ಕೂತೆ.

ಮೊದ್ಲು ವಿಜ್‌ಟ್ರೀ ಅನ್ನೋ, ಯಾವ ಫೋಲ್ಡರ್ ಎಷ್ಟು ಜಾಗ ತಿಂದಿದೆ ಅಂತ ತೋರಿಸೋ ಸಾಫ್ಟ್‌ವೇರ್ ಹಾಕಿ ಜಾಗ ಎಲ್ಲಿ ಹೋಗಿದೆ ಅಂತ ನೋಡ್ದೆ. ಇದು ತುಂಬಾ ಮುಖ್ಯ, ಯಾಕಂದ್ರೆ ಎಲ್ಲಾ ಫೈಲೂ ಕುಗ್ಗಲ್ಲ. ಜೆಪಿಜಿ ಫೋಟೋ, ಎಂಪಿ4 ವಿಡಿಯೋ ಇವೆಲ್ಲ ಹುಟ್ಟುವಾಗ್ಲೇ ಕಂಪ್ರೆಸ್ ಆಗಿರ್ತವೆ, ಅವನ್ನ ಜಿಪ್ ಮಾಡಿದ್ರೆ ನೂರಕ್ಕೆ ಒಂದೆರಡು ಉಳಿದ್ರೆ ಹೆಚ್ಚು. 2007ರಿಂದ ಈಚೆಗಿನ ವರ್ಡ್, ಎಕ್ಸೆಲ್ ಫೈಲ್‌ಗಳು ಒಳಗೆ ಜಿಪ್ಪೇ, ಡಿಸೈನ್ ಮಾಡೋ ಕೋರೆಲ್ ಡ್ರಾದ ಎಕ್ಸ್4ರಿಂದ ಈಚೆಗಿನ ಸಿಡಿಆರ್ ಫೈಲ್ ಕೂಡ ಹಾಗೇ. ಚೆನ್ನಾಗಿ ಕುಗ್ಗೋದು ಪುಟ ಜೋಡಿಸೋ ಪೇಜ್‌ಮೇಕರ್ ಸಾಫ್ಟ್‌ವೇರಿನ ಫೈಲು, ಇಪಿಎಸ್ ಅನ್ನೋ ಫಾರ್ಮ್ಯಾಟಿನ ಕ್ಲಿಪ್‌ಆರ್ಟು (ರೆಡಿಮೇಡ್ ಚಿತ್ರ), ಕಂಪ್ರೆಸ್ ಮಾಡ್ದೆ ಸೇವ್ ಮಾಡಿರೋ ಟಿಫ್ ಚಿತ್ರ. ನನ್ ಡ್ರೈವಲ್ಲಿ ಇವೇ ಜಾಸ್ತಿ ಇದ್ವು.

ಮುಗಿದ ಜಾಬ್‌ಗಳಿಗೆ ನಾನು ಬಳಸಿದ್ದು ಫೈಲ್ ಕುಗ್ಗಿಸೋ 7-ಜಿಪ್ ಸಾಫ್ಟ್‌ವೇರ್, ಅದೂ ಜಿಪ್ ಫಾರ್ಮ್ಯಾಟ್ ಅಲ್ಲ, 7ಝಡ್ ಫಾರ್ಮ್ಯಾಟು. ಇದಕ್ಕೆ ಕಾರಣ ಇದೆ. ನಮ್ ಕೆಲಸದಲ್ಲಿ ಒಂದು ಪುಸ್ತಕ ಅಂದ್ರೆ ಮೊದಲ್ನೇ ಪ್ರೂಫ್, ಎರಡನೇ ಪ್ರೂಫ್, ಫೈನಲ್, ಫೈನಲ್ ಆದ್ಮೇಲೆ ಲೇಖಕರು ಫೋನ್ ಮಾಡಿ ಹೇಳಿದ ತಿದ್ದುಪಡಿ ಹಾಕಿರೋ ಇನ್ನೊಂದು ಫೈನಲ್, ಹೀಗೆ ನಾಲ್ಕೈದು ಫೈಲ್ ಇರುತ್ತೆ, ಎಲ್ಲದ್ರಲ್ಲೂ ಇರೋದು ಹೆಚ್ಚು ಕಮ್ಮಿ ಅದೇ ಮ್ಯಾಟರ್. ಜಿಪ್ ಒಂದೊಂದ್ ಫೈಲನ್ನೂ ಬೇರೆ ಬೇರೆಯಾಗಿ ಕುಗ್ಗಿಸುತ್ತೆ, ಅದ್ರಲ್ಲೂ ಹಿಂದಿನ 32 ಕೆಬಿ ಮಾತ್ರ ನೆನಪಿಟ್ಕೊಂಡು, ಹಾಗಾಗಿ ಪಕ್ಕದ ಫೈಲಲ್ಲಿ ಅದೇ ಪುಟಗಳಿವೆ ಅಂತ ಅದಕ್ಕೆ ಗೊತ್ತೇ ಆಗಲ್ಲ. 7ಝಡ್‌ನಲ್ಲಿ ಸಾಲಿಡ್ ಅನ್ನೋದಿದೆ, ಎಲ್ಲಾ ಫೈಲನ್ನ ಒಂದೇ ಉದ್ದ ಸಾಲಾಗಿ ನೋಡುತ್ತೆ, ಡಿಕ್ಷನರಿ ಸೈಜ್ 64 ಎಂಬಿ ಇಟ್ರೆ ಅಷ್ಟು ಹಿಂದಿನ ತನಕ ಹುಡುಕಿ ಇದು ಆಗ್ಲೇ ಬಂದಿದೆ ಅಂತ ಗುರುತು ಮಾತ್ರ ಹಾಕ್ಕೊಂಡು ಹೋಗುತ್ತೆ. ಪ್ರೂಫ್ ಫೈಲ್‌ಗಳು ಹೀಗೆ ಸೇರಿದಾಗ ಹೆಚ್ಚುಕಮ್ಮಿ ಒಂದೇ ಪ್ರತಿಯಷ್ಟು ಜಾಗಕ್ಕೆ ಬಂದ್ಬಿಡ್ತವೆ. ಅದನ್ನ ನೋಡಿದಾಗ ನಿಜವಾಗ್ಲೂ ಖುಷಿಯಾಯ್ತು.

ಡಿಕ್ಷನರಿ ದೊಡ್ಡದಾದಷ್ಟೂ ರ‍್ಯಾಮ್ ಕೇಳುತ್ತೆ, ಕಂಪ್ರೆಸ್ ಮಾಡುವಾಗ ಸುಮಾರು ಹತ್ತು ಪಟ್ಟು ಲೆಕ್ಕ ಹಾಕ್ಕೊಳ್ಳಿ, ಬಿಚ್ಚುವಾಗ ಮಾತ್ರ ಅಷ್ಟು ಬೇಡ. ಸಾಲಿಡ್‌ಗೆ ಇನ್ನೊಂದು ಅಪಾಯ ಇದೆ, ನಡುವೆ ಎಲ್ಲಾದ್ರೂ ಕೆಟ್ರೆ ಮುಂದಿನ ಫೈಲ್‌ಗಳೂ ಹೋಗ್ಬಹುದು. ಅದಕ್ಕೇ ನಾನು ಒಂದು ಜಾಬ್‌ಗೆ ಒಂದು 7ಝಡ್ ಅಂತ ಮಾಡ್ತೀನಿ, ಇಡೀ ವರ್ಷದ್ದನ್ನ ಒಂದೇ ಗಂಟು ಕಟ್ಟಲ್ಲ. ಫೈಲ್ ಹೆಸರು ಕನ್ನಡದಲ್ಲಿದ್ರೂ ಯೋಚನೆ ಇಲ್ಲ, 7ಝಡ್ ಒಳಗೆ ಹೆಸರುಗಳು ಯೂನಿಕೋಡ್‌ನಲ್ಲೇ (ಎಲ್ಲಾ ಭಾಷೆ ಅಕ್ಷರಗಳಿಗೂ ಅದರದ್ದೇ ಸಂಕೇತ ಇರೋ ಪದ್ಧತಿ) ಇರ್ತವೆ.

ಒಂದು ವಿಷ್ಯ ಡಿಟಿಪಿಯೋರು ಮರೀಬಾರ್ದು, ಫಾಂಟು. ಪೇಜ್‌ಮೇಕರ್‌ನಲ್ಲಿ ಮಾಡಿರೋ ಮ್ಯಾಟರ್ ಯೂನಿಕೋಡ್ ಅಲ್ಲ, ನುಡಿ, ಶ್ರೀಲಿಪಿ ಥರದ ಕನ್ನಡ ಸಾಫ್ಟ್‌ವೇರಿನ ಆಸ್ಕಿ ಫಾಂಟು, ಅಂದ್ರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಕ್ಕೇ ಕನ್ನಡದ ಆಕಾರ ಕೂರಿಸಿರೋದು, ಆ ಫಾಂಟ್ ಸಿಸ್ಟಮ್‌ನಲ್ಲಿ ಇಲ್ದಿದ್ರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತೆ. ಐದ್ ವರ್ಷ ಬಿಟ್ಟು ಬೇರೆ ಕಂಪ್ಯೂಟರಲ್ಲಿ ಬಿಚ್ಚುವಾಗ ಇದೇ ದೊಡ್ಡ ತಲೆನೋವು. ಅದಕ್ಕೆ ಜಾಬ್‌ಗೆ ಬಳಸಿರೋ ಫಾಂಟ್ ಫೈಲ್, ಲಿಂಕ್ ಆಗಿರೋ ಚಿತ್ರ, ಜೊತೆಗೆ ಕೊನೇ ಪಿಡಿಎಫ್, ಎಲ್ಲಾ ಒಂದೇ ಫೋಲ್ಡರ್‌ಗೆ ಹಾಕಿ ಆಮೇಲೆ ಕಂಪ್ರೆಸ್ ಮಾಡ್ತೀನಿ.

ಸ್ಕ್ಯಾನ್ ಮಾಡಿದ ಹಳೇ ಪುಸ್ತಕಗಳು ಮಾತ್ರ 7-ಜಿಪ್‌ಗೂ ಬಗ್ಗಲ್ಲ. ಎ4 ಪುಟ 300 ಡಿಪಿಐ (ಇಂಚಿಗೆ 300 ಚುಕ್ಕಿ) ಗ್ರೇಸ್ಕೇಲ್ (ಬೂದು ಛಾಯೆ) ಅಂದ್ರೆ 2480 ಚುಕ್ಕಿ ಅಡ್ಡ, 3508 ಚುಕ್ಕಿ ಉದ್ದ, ಒಂದು ಪುಟಕ್ಕೇ 8 ಎಂಬಿ ದಾಟುತ್ತೆ. ಕಾಗದದ ಬಿಳಿ ಭಾಗ ನಮ್ ಕಣ್ಣಿಗೆ ಒಂದೇ ಬಿಳಿ, ಆದ್ರೆ ಜೂಮ್ ಮಾಡಿದ್ರೆ ಪಕ್ಕಪಕ್ಕದ ಚುಕ್ಕಿಗಳೇ 251, 253, 250 ಹೀಗೆ ಏರುಪೇರು (0 ಅಂದ್ರೆ ಕಪ್ಪು, 255 ಅಂದ್ರೆ ಪೂರ್ತಿ ಬಿಳಿ), ಒಂದೇ ಥರದ್ದು ಸಾಲಾಗಿ ಸಿಗದೇ ಇದ್ರೆ ಯಾವ ಸಾಫ್ಟ್‌ವೇರ್ ಆದ್ರೂ ಏನು ಕುಗ್ಗಿಸುತ್ತೆ? ಬರೀ ಅಕ್ಷರ ಇರೋ ಪುಟಗಳನ್ನ ಕಪ್ಪು ಬಿಳುಪು ಮಾಡಿ, ಕಪ್ಪು ಬಿಳುಪು ಪುಟಕ್ಕಂತಲೇ ಇರೋ ಗ್ರೂಪ್ 4 ಕಂಪ್ರೆಶನ್ ಹಾಕಿ ಟಿಫ್ ಆಗಿ ಸೇವ್ ಮಾಡ್ದೆ, ಎಂಬಿಯಲ್ಲಿದ್ದ ಪುಟ ಕೆಬಿಗೆ ಇಳೀತು. ಆದ್ರೆ ಇದ್ರಲ್ಲಿ ಕಳ್ಕೊಂಡ ಬೂದು ಛಾಯೆ ವಾಪಸ್ ಬರಲ್ಲ, ಅದಕ್ಕೆ ಫೋಟೋ ಇರೋ ಪುಟ ಮುಟ್ಟಲಿಲ್ಲ. ಅಕ್ಷರದ ಪುಟದಲ್ಲೂ ಒತ್ತಕ್ಷರ, ಸೊನ್ನೆ, ಅರ್ಕಾವತ್ತು ಮುಚ್ಕೊಂಡಿಲ್ವಾ ಅಂತ ಜೂಮ್ ಮಾಡಿ ನೋಡ್ಲೇಬೇಕು, ಸಣ್ಣ ಅಕ್ಷರದ ಅಡಿಟಿಪ್ಪಣಿಯಲ್ಲಿ ಮೊದ್ಲು ತುಂಬ್ಕೊಳ್ಳೋದು ಅವೇ.

ಆಗಾಗ ತೆಗೆದು ನೋಡೋ ಕ್ಲಿಪ್‌ಆರ್ಟ್ ಫೋಲ್ಡರ್‌ಗೆ ವಿಂಡೋಸ್‌ನಲ್ಲೇ ಇರೋ ಎನ್‌ಟಿಎಫ್‌ಎಸ್ (ಡಿಸ್ಕಲ್ಲಿ ಫೈಲ್ ಇಡೋ ವಿಂಡೋಸಿನ ಪದ್ಧತಿ) ಕಂಪ್ರೆಶನ್ ಹಾಕ್ದೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅಡ್ವಾನ್ಸ್ಡ್, ಅಲ್ಲಿ ಕಂಪ್ರೆಸ್ ಅನ್ನೋ ಕಡೆ ಟಿಕ್ ಹಾಕಿದ್ರೆ ಆಯ್ತು. ವಿಂಡೋಸ್ 10ರಲ್ಲಿ ಐಕಾನ್ ಮೂಲೇಲಿ ನೀಲಿ ಬಾಣಗಳು ಬರ್ತವೆ, ಫೈಲ್ ಎಂದಿನಂತೆ ತೆರ‍್ಕೊಳ್ಳುತ್ತೆ, ಉಳಿತಾಯ ಮಾತ್ರ 7-ಜಿಪ್‌ನಷ್ಟಿಲ್ಲ. ಪ್ರಾಪರ್ಟೀಸ್‌ನಲ್ಲಿ ಸೈಜ್ ಅನ್ನೋದನ್ನ ಬಿಟ್ಟು ಸೈಜ್ ಆನ್ ಡಿಸ್ಕ್ ನೋಡ್ಬೇಕು, ನಿಜವಾಗಿ ಹಿಡಿದಿರೋ ಜಾಗ ಅದು. ಪೆನ್‌ಡ್ರೈವ್ ಎನ್‌ಟಿಎಫ್‌ಎಸ್ ಬದಲು ಎಕ್ಸ್‌ಫ್ಯಾಟ್ ಪದ್ಧತಿದಾಗಿದ್ರೆ ಕಾಪಿ ಮಾಡಿದಾಗ ಮತ್ತೆ ಪೂರ್ತಿ ಸೈಜೇ ಆಗುತ್ತೆ.

ಮೂಲ ಫೋಲ್ಡರ್ ತೆಗೆಯೋಕೆ ಮುಂಚೆ 7-ಜಿಪ್‌ನಲ್ಲಿ ಟೆಸ್ಟ್ ಬಟನ್ ಒತ್ತಿ, ಅದು ಪ್ರತಿ ಫೈಲನ್ನೂ ಬಿಚ್ಚಿ ಸಿಆರ್‌ಸಿ (ಫೈಲ್ ಕೆಟ್ಟಿದ್ಯಾ ಅಂತ ಗೊತ್ತಾಗೋಕೆ ಹಾಕಿರೋ ಲೆಕ್ಕದ ಸಂಖ್ಯೆ) ತಾಳೆ ನೋಡುತ್ತೆ. ಕಂಪ್ರೆಸ್ ಆದ್ಮೇಲೆ ಮೂಲ ಫೈಲ್ ತಾನೇ ಡಿಲೀಟ್ ಮಾಡೋ ಆಪ್ಶನ್ ಇದೆ, ನಾನು ಅದಕ್ಕೆ ಟಿಕ್ ಹಾಕಲ್ಲ. ಟೆಸ್ಟ್ ಸರಿ ಬಂದ್ಮೇಲೆ 7ಝಡ್ ಫೈಲಿನ ಇನ್ನೊಂದು ಪ್ರತಿ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಹೋಗುತ್ತೆ, ಆಮೇಲೇ ಮೂಲ ಫೋಲ್ಡರ್ ತೆಗೆಯೋದು, ರೀಸೈಕಲ್ ಬಿನ್ ಖಾಲಿ ಮಾಡೋ ತನಕ ಜಾಗ ವಾಪಸ್ ಬರಲ್ಲ ಅನ್ನೋದು ನೆನಪಿರ್ಲಿ. ಯಾವ ಜಾಬ್ ಯಾವ ಫೈಲಲ್ಲಿದೆ ಅಂತ ಒಂದು ಎಕ್ಸೆಲ್ ಶೀಟಲ್ಲಿ ಗಿರಾಕಿ ಹೆಸರು, ವರ್ಷ, ಫಾಂಟ್ ಹೆಸರು ಬರೆದಿಟ್ಟಿದ್ದೀನಿ, ಹುಡುಕೋದು ಈಗ ಮೊದ್ಲಿಗಿಂತ ಬೇಗ ಆಗ್ತಿದೆ.