ಡಿಎಫ್ ಹೇಳಿದ್ದೊಂದು, ಡಿಯು ಹೇಳಿದ್ದೊಂದು

ನಾನು ನೋಡಿಕೊಳ್ಳುವ ಒಂದು ಹಳೆಯ ಉಬುಂಟು (ಲಿನಕ್ಸ್) ಸರ್ವರ್‌ನಲ್ಲಿ /ವಾರ್ ಪಾರ್ಟಿಷನ್ನಿಗೆ (ಡಿಸ್ಕಿನ ಒಂದು ಪ್ರತ್ಯೇಕ ಭಾಗಕ್ಕೆ) ಕೇವಲ 4 ಜಿಬಿ, /ಹೋಮ್‌ಗೆ 60 ಜಿಬಿ ಜಾಗ ಕೊಡಲಾಗಿತ್ತು. ಲಾಗ್‌ಗಳು, ಮೈಎಸ್‌ಕ್ಯೂಎಲ್ ಡೇಟಾಬೇಸಿನ ದತ್ತಾಂಶ, ತಂತ್ರಾಂಶಗಳನ್ನು ಹಾಕುವ ಆಪ್ಟ್ ಇಳಿಸಿಕೊಂಡ ಪ್ಯಾಕೇಜುಗಳು ಎಲ್ಲವೂ ಆ 4 ಜಿಬಿಯೊಳಗೇ ಇರಬೇಕಿತ್ತು. ಡಿಸ್ಕಿನ ಭಾಗಗಳ ಗಾತ್ರವನ್ನು ಆಮೇಲೂ ಬದಲಿಸಲು ಬಿಡುವ ಎಲ್‌ವಿಎಂ ಇದ್ದಿದ್ದರೆ ಕೆಲಸ ಸುಲಭವಾಗುತ್ತಿತ್ತು. ಅದಿಲ್ಲದೆ /ವಾರ್ ಹಿಗ್ಗಿಸಬೇಕೆಂದರೆ /ಹೋಮ್ ಅನ್ನು ಕುಗ್ಗಿಸಬೇಕು, ಅದಕ್ಕೆ ಯಂತ್ರವನ್ನು ನಿಲ್ಲಿಸಬೇಕಾಗುತ್ತಿತ್ತು, ಏಕೆಂದರೆ ಎಕ್ಸ್ಟ್4 ಕಡತ ವ್ಯವಸ್ಥೆಯನ್ನು ಮೌಂಟ್ ಆಗಿರುವಾಗ (ಬಳಕೆಗೆ ಜೋಡಿಸಿರುವಾಗ) ಕುಗ್ಗಿಸಲು ಬರುವುದಿಲ್ಲ.

ಒಂದು ರಾತ್ರಿ 2.3 ಜಿಬಿಗೆ ಬೆಳೆದಿದ್ದ ಲಾಗ್ ಕಡತವನ್ನು ಆರ್‌ಎಂ ಆಜ್ಞೆಯಿಂದ ಅಳಿಸಿ ನಿಶ್ಚಿಂತೆಯಿಂದ ಮಲಗಿದೆ. ಬೆಳಿಗ್ಗೆ ನೋಡಿದರೆ ಮೈಎಸ್‌ಕ್ಯೂಎಲ್ ಬರೆಯಲು ಜಾಗವಿಲ್ಲದೆ ನಿಂತಿತ್ತು. ಡಿಸ್ಕ್ ಎಷ್ಟು ತುಂಬಿದೆ ಎಂದು ಹೇಳುವ ಡಿಎಫ್ ಆಜ್ಞೆ 100% ಎಂದಿತು, ಕಡತಗಳ ಗಾತ್ರ ಹೇಳುವ ಡಿಯು ಮಾತ್ರ ಎಲ್ಲವನ್ನೂ ಕೂಡಿ 1.4 ಜಿಬಿ ಎಂದಿತು. ಆರ್‌ಎಂ ಅಳಿಸುವುದು ಡೈರೆಕ್ಟರಿಯಲ್ಲಿರುವ ಹೆಸರನ್ನು ಮಾತ್ರ. ಯಾವುದಾದರೂ ಪ್ರೋಗ್ರಾಂ ಕಡತವನ್ನು ತೆರೆದಿಟ್ಟುಕೊಂಡಿರುವ ತನಕ ಅದರ ಐನೋಡ್ (ಕಡತದ ವಿವರವಿರುವ ದಾಖಲೆ) ಆಗಲಿ ಡಿಸ್ಕಿನಲ್ಲಿ ಅದು ಹಿಡಿದ ಬ್ಲಾಕುಗಳಾಗಲಿ ಬಿಡುಗಡೆಯಾಗುವುದಿಲ್ಲ. ಹೆಸರು ಹಿಡಿದು ಎಣಿಸುವ ಡಿಯುಗೆ ಅದು ಕಾಣದು, ಬ್ಲಾಕುಗಳ ಲೆಕ್ಕ ನೋಡುವ ಡಿಎಫ್‌ಗೆ ಕಾಣುತ್ತದೆ. ತೆರೆದಿರುವ ಕಡತಗಳನ್ನು ಪಟ್ಟಿಮಾಡುವ ಎಲ್‌ಎಸ್‌ಓಎಫ್ ಅನ್ನು, ಹೆಸರು ಅಳಿದವನ್ನಷ್ಟೇ ತೋರಿಸುವ +ಎಲ್1 ಆಯ್ಕೆಯೊಡನೆ ಓಡಿಸಿದಾಗ ಅದೇ ಕಡತ 'ಡಿಲೀಟೆಡ್' ಎಂಬ ಗುರುತಿನೊಂದಿಗೆ ಸಿಕ್ಕಿತು. ಅದನ್ನು ಹಿಡಿದಿದ್ದ ಸೇವೆಯನ್ನು ರೀಸ್ಟಾರ್ಟ್ ಮಾಡಿದ ಕೂಡಲೇ ಜಾಗ ಮರಳಿತು. ಅಂದಿನಿಂದ ಬಳಕೆಯಲ್ಲಿರುವ ಲಾಗ್ ಅನ್ನು ನಾನು ಅಳಿಸುವುದಿಲ್ಲ, ಟ್ರಂಕೇಟ್ ಆಜ್ಞೆಯಿಂದ ಅದರ ಗಾತ್ರವನ್ನು ಸೊನ್ನೆಗಿಳಿಸುತ್ತೇನೆ.

ಇಷ್ಟಾದರೂ ಇಕ್ಕಟ್ಟು ಉಳಿದೇ ಇತ್ತು. ಸಿಸ್ಟಂನ ಲಾಗ್ ಆದ ಜರ್ನಲ್‌ಗೆ 100 ಎಂಬಿಯ ಮಿತಿ ಹಾಕಿದೆ, ಆಪ್ಟ್ ಕ್ಲೀನ್ ಕೊಟ್ಟು ಇಳಿಸಿಕೊಂಡ ಪ್ಯಾಕೇಜುಗಳನ್ನು ತೆಗೆದೆ. ಎಕ್ಸ್ಟ್4 ರೂಟ್‌ಗಾಗಿ (ನಿರ್ವಾಹಕ ಖಾತೆಗಾಗಿ) ಸಾಮಾನ್ಯವಾಗಿ ಕಾದಿರಿಸುವ 5% ಜಾಗವನ್ನು /ಹೋಮ್‌ನಲ್ಲಿ 1%ಗೆ ಇಳಿಸಿದಾಗ ಸುಮಾರು 2.4 ಜಿಬಿ ಪುಕ್ಕಟೆಯಾಗಿ ದೊರೆಯಿತು. /ವಾರ್‌ನ ಮೀಸಲನ್ನು ಮಾತ್ರ ಬೇಕೆಂದೇ ಮುಟ್ಟಲಿಲ್ಲ. ಡಿಸ್ಕ್ ತುಂಬಿದ ದಿನ ರೂಟ್‌ಗೆ ನಾಲ್ಕು ಸಾಲು ಬರೆಯಲು ಎಡೆ ಇರಬೇಕು.

ಕೊನೆಗೆ ಮೈಎಸ್‌ಕ್ಯೂಎಲ್ ನಿಲ್ಲಿಸಿ, ಅದರ 900 ಎಂಬಿ ದತ್ತಾಂಶವನ್ನು ಆರ್‌ಸಿಂಕ್‌ನಿಂದ /ಹೋಮ್‌ಗೆ ನಕಲಿಸಿ, ಹಳೆಯ ಡೈರೆಕ್ಟರಿಯ ಮೇಲೆ ಬೈಂಡ್ ಮೌಂಟ್ ಮಾಡಿ (ಹೊಸ ಜಾಗ ಹಳೆಯ ಹಾದಿಯಲ್ಲೇ ಕಾಣುವಂತೆ ಜೋಡಿಸಿ), ಯಂತ್ರ ಶುರುವಾದಾಗ ಜೋಡಿಸಬೇಕಾದವುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ಗೆ ಸೇರಿಸಿದೆ. ಸಿಮ್‌ಲಿಂಕ್ (ಬೇರೆ ಹಾದಿಯತ್ತ ಬೆರಳು ತೋರಿಸುವ ಕೊಂಡಿ) ಸಾಕಲ್ಲವೇ ಎಂದು ಮೊದಲು ಅನ್ನಿಸಿತ್ತು. ಆದರೆ ಸಿಮ್‌ಲಿಂಕ್‌ನ ಆಚೆಗಿನ ನಿಜವಾದ ಹಾದಿಯನ್ನೇ ನೋಡುವ ಆಪ್‌ಆರ್ಮರ್ ಎಂಬ ಭದ್ರತಾ ವ್ಯವಸ್ಥೆ, ಆ ಹಾದಿ ತನ್ನ ಪಟ್ಟಿಯಲ್ಲಿಲ್ಲವೆಂದು ಮೈಎಸ್‌ಕ್ಯೂಎಲ್ ಅನ್ನು ತಡೆಯುತ್ತದೆ; ಬೈಂಡ್ ಮೌಂಟ್‌ನಲ್ಲಿ ಹಾದಿ ಹಳೆಯದೇ ಉಳಿಯುವುದರಿಂದ ಆ ತಕರಾರಿಲ್ಲ.

ಸೇವೆ ಸರಿಯಾಗಿ ನಡೆಯಿತು, ಆದರೆ ಡಿಎಫ್ ಕದಲಲಿಲ್ಲ. ಈ ಸಲ ಎಲ್‌ಎಸ್‌ಓಎಫ್‌ನಲ್ಲಿಯೂ ಏನೂ ಇರಲಿಲ್ಲ. ಅರ್ಧ ಗಂಟೆ ಹುಡುಕಾಡಿದ ಬಳಿಕ ನೆನಪಾಯಿತು: ಹಳೆಯ ಕಡತಗಳನ್ನು ಅಳಿಸದೆಯೇ ಅವುಗಳ ಮೇಲೆ ಮೌಂಟ್ ಮಾಡಿದ್ದೆ, ಅವು ಅಡಿಯಲ್ಲಿ ಹಾಗೆಯೇ ಮುಚ್ಚಿಹೋಗಿದ್ದವು. /ವಾರ್ ಅನ್ನು /ಎಂಎನ್‌ಟಿ ಎಂಬ ಇನ್ನೊಂದು ಡೈರೆಕ್ಟರಿಯ ಮೇಲೆ ಬೈಂಡ್ ಮಾಡಿದಾಗ ಅವೆಲ್ಲ ಕಾಣಿಸಿದವು. ಹೊಸ ಪ್ರತಿಯ ಬ್ಯಾಕಪ್ ತೆಗೆದುಕೊಂಡು, ನಾನಿರುವ ಡೈರೆಕ್ಟರಿ ಯಾವುದೆಂದು ಎರಡು ಬಾರಿ ಪಿಡಬ್ಲ್ಯೂಡಿ ಕೊಟ್ಟು ನೋಡಿ, ಅವನ್ನು ಅಳಿಸಿದೆ.