ಐವತ್ತು ತುಂಬಿದವರ ಮನೆಗೆ ಬರುವ ಲಕೋಟೆ

ಇಂಗ್ಲೆಂಡಿನಲ್ಲಿ ನೆಲೆಸಿರುವ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯವರಲ್ಲಿ ಐವತ್ತು ದಾಟಿದವರು ಈಗ ಅನೇಕರಿದ್ದಾರೆ. ಅವರ ಮನೆಗೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಿಂದ ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆಗೆಂದು ಒಂದು ಲಕೋಟೆ ಬರುತ್ತದೆ. ಒಳಗೆ ಪುಟ್ಟ ಪ್ಲಾಸ್ಟಿಕ್ ಬಾಟಲಿ. ಮಲದ ಮಾದರಿ ಕಳಿಸಿ ಎಂದು ಓದಿದ ಕೂಡಲೇ ಮುಖ ಸಿಂಡರಿಸಿ ಅದನ್ನು ಕಪಾಟಿನ ಮೂಲೆಗೆ ತಳ್ಳುವವರು ಅನೇಕರು. ನಾನೂ ಮೂರು ವಾರ ಮುಟ್ಟಿರಲಿಲ್ಲ.

ಕೊನೆಗೂ ಅದನ್ನು ತೆರೆಯುವಂತೆ ಮಾಡಿದ್ದು ಬಾಗಲಕೋಟೆಯ ನನ್ನ ಸೋದರಮಾವನ ನೆನಪು. ಮಲದಲ್ಲಿ ರಕ್ತ ಕಂಡರೆ ಉಷ್ಣ ಅಥವಾ ಮೂಲವ್ಯಾಧಿ ಎನ್ನುವುದು ನಮ್ಮ ಕಡೆಯ ರೂಢಿ. ಮಾವ ರೊಟ್ಟಿಯ ಜೊತೆಗಿನ ಕೆಂಪು ಚಟ್ನಿ ಬಿಟ್ಟರು, ಹೊತ್ತು ಹೊತ್ತಿಗೆ ಮಜ್ಜಿಗೆ ಕುಡಿದರು, ಒಂದೂವರೆ ವರ್ಷ ಹಾಗೆಯೇ ಕಳೆದರು. ತಪಾಸಣೆಯಾಗುವ ಹೊತ್ತಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಯಕೃತ್ತಿಗೂ ಹರಡಿತ್ತು.

ಇಲ್ಲಿನವರು ಬವೆಲ್ ಕ್ಯಾನ್ಸರ್ ಎನ್ನುವುದು ಇದನ್ನೇ. ಬ್ರಿಟನ್ನಿನಲ್ಲಿ ವರ್ಷಕ್ಕೆ ಸುಮಾರು 44,000 ಜನರಲ್ಲಿ ಇದು ಪತ್ತೆಯಾಗುತ್ತದೆ, 16,000ಕ್ಕೂ ಹೆಚ್ಚು ಮಂದಿ ಸಾಯುತ್ತಾರೆ. ಕ್ಯಾನ್ಸರ್ ಸಾವುಗಳಲ್ಲಿ ಶ್ವಾಸಕೋಶದ್ದನ್ನು ಬಿಟ್ಟರೆ ಇದೇ ಮುಂದು. ಆದರೆ ಮೊದಲ ಹಂತದಲ್ಲೇ ಸಿಕ್ಕಿದರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನ ಐದು ವರ್ಷ ದಾಟುತ್ತಾರೆ. ನಾಲ್ಕನೇ ಹಂತದಲ್ಲಿ ಸಿಕ್ಕಿದರೆ ಹತ್ತರಲ್ಲಿ ಸುಮಾರು ಒಬ್ಬರು ಮಾತ್ರ. ಮಾವನ ನಂತರ ಈ ಎರಡು ಸಂಖ್ಯೆಗಳ ನಡುವಿನ ಅಂತರ ನನಗೆ ಬರೀ ಲೆಕ್ಕವಾಗಿ ಕಾಣುವುದಿಲ್ಲ.

ಇಂಗ್ಲೆಂಡಿನಲ್ಲಿ 50ರಿಂದ 74 ವರ್ಷದವರಿಗೆ ಈ ಕಿಟ್ ಎರಡು ವರ್ಷಕ್ಕೊಮ್ಮೆ ಉಚಿತವಾಗಿ ತಾನಾಗಿಯೇ ಬರುತ್ತದೆ, ಕುಟುಂಬ ವೈದ್ಯರಾದ ಜಿಪಿ ಬಳಿ ಹೆಸರು ನೋಂದಾಯಿಸಿದ್ದರೆ ಸಾಕು. ನಮ್ಮವರು ಎಡವುವುದು ವಿಳಾಸದಲ್ಲಿ. ಬಾಡಿಗೆ ಮನೆ ಬದಲಿಸುತ್ತೇವೆ, ಬ್ಯಾಂಕಿಗೆ ತಿಳಿಸುತ್ತೇವೆ, ಜಿಪಿಗೆ ತಿಳಿಸುವುದನ್ನು ಮರೆಯುತ್ತೇವೆ. ಲಕೋಟೆ ಹಳೆಯ ಮನೆಗೆ ಹೋಗುತ್ತದೆ.

ಮಾಡುವ ಕೆಲಸ ಐದು ನಿಮಿಷದ್ದು. ಮಲ ನೀರಿಗೆ ಬೀಳದಂತೆ ಯಾವುದಾದರೂ ಹಳೆಯ ಡಬ್ಬಿಯಲ್ಲಿ ಹಿಡಿಯಿರಿ. ಬಾಟಲಿಯ ಮುಚ್ಚಳಕ್ಕೆ ಅಂಟಿಕೊಂಡಿರುವ ಕಡ್ಡಿಯ ತುದಿಯಲ್ಲಿ ಸಣ್ಣ ಗೀರುಗಳಿವೆ. ಅವು ತುಂಬುವಷ್ಟು ಮಾತ್ರ ಕೆರೆದು ಬಾಟಲಿಯೊಳಗೆ ಹಾಕಿ ಮುಚ್ಚಿ, ದಿನಾಂಕ ಬರೆದು, ಅವರೇ ಕೊಟ್ಟ ಲಕೋಟೆಯಲ್ಲಿ ಅಂಚೆಗೆ ಹಾಕಿ. ಪರೀಕ್ಷೆ ಹುಡುಕುವುದು ಕಣ್ಣಿಗೆ ಕಾಣದ ಮನುಷ್ಯರಕ್ತವನ್ನು. ಹೀಗಾಗಿ ಖಾರ, ಮಾಂಸ ಯಾವುದನ್ನೂ ಬಿಡಬೇಕಿಲ್ಲ.

ಉತ್ತರ ಸಾಮಾನ್ಯವಾಗಿ ಎರಡು ವಾರದೊಳಗೆ ಬರುತ್ತದೆ. ನೂರರಲ್ಲಿ ಸುಮಾರು ಇಬ್ಬರನ್ನು ಮುಂದಿನ ತಪಾಸಣೆಗೆ ಕರೆಯುತ್ತಾರೆ. ಕರೆ ಬಂದ ಮಾತ್ರಕ್ಕೆ ಕ್ಯಾನ್ಸರ್ ಎಂದು ಎದೆಗುಂದಬೇಡಿ. ಕ್ಯಾಮೆರಾ ಇರುವ ಸಣ್ಣ ಕೊಳವೆಯನ್ನು ಗುದದ್ವಾರದಿಂದ ಹಾಯಿಸಿ ದೊಡ್ಡ ಕರುಳನ್ನು ನೋಡುವ ಕೊಲೊನೊಸ್ಕೋಪಿಯಲ್ಲಿ ಪಾಲಿಪ್ ಎಂಬ ಸಣ್ಣ ಗಂಟು ಕಂಡರೆ ಸಾಮಾನ್ಯವಾಗಿ ಆಗಲೇ ತೆಗೆಯುತ್ತಾರೆ. ಈ ಕ್ಯಾನ್ಸರ್ ಬಹುಪಾಲು ಹುಟ್ಟುವುದು ಇಂಥ ಗಂಟುಗಳಿಂದಲೇ, ಅದೂ ಎಷ್ಟೋ ವರ್ಷಗಳ ನಂತರ. ಇಂಗ್ಲಿಷ್ ತೊಡಕಾಗುವ ಹಿರಿಯರಿಗೆ ಆಸ್ಪತ್ರೆಯಲ್ಲಿ ದುಭಾಷಿಯನ್ನು ಕೇಳಿ ಪಡೆಯಬಹುದು, ಅದಕ್ಕೆ ಹಣವಿಲ್ಲ.

ರಕ್ತ ಹೋಗುತ್ತಿದ್ದರೆ, ಮಲವಿಸರ್ಜನೆಯ ಕ್ರಮ ಬದಲಾಗಿ ವಾರಗಟ್ಟಲೆ ಹಾಗೆಯೇ ಉಳಿದರೆ, ಕಾರಣವಿಲ್ಲದೆ ತೂಕ ಇಳಿದರೆ ಕಿಟ್‌ಗಾಗಿ ಕಾಯಬೇಡಿ. ವಯಸ್ಸು ಮೂವತ್ತೈದಾದರೂ ಸರಿ, ಜಿಪಿಯನ್ನು ಕಾಣಿರಿ. ನಾಚಿಕೊಂಡು ಹೊಟ್ಟೆನೋವು ಎಂದಷ್ಟೇ ಹೇಳಿ ಬರಬೇಡಿ. ರಕ್ತ ಎಂಬ ಮಾತನ್ನೇ ಆಡಿ.

ಊರಿನಿಂದ ಸಂದರ್ಶಕರ ವೀಸಾದಲ್ಲಿ ಬಂದ ಅಪ್ಪ ಅಮ್ಮನಿಗೆ ಸಾಮಾನ್ಯವಾಗಿ ಈ ಕಿಟ್ ಬರುವುದಿಲ್ಲ. ಭಾರತದ ಸರ್ಕಾರಿ ತಪಾಸಣಾ ಕಾರ್ಯಕ್ರಮ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳದ್ದು, ಕರುಳು ಅದರಲ್ಲಿಲ್ಲ. ಹಾಗಾಗಿ ಕೇಳಬೇಕಾದವರು ನಾವೇ. ಫೋನಿನಲ್ಲಿ ಮಳೆ, ಬೆಳೆ, ಊಟದ ಮಾತಾದ ಮೇಲೆ ಮಲದಲ್ಲಿ ರಕ್ತ ಹೋಗುತ್ತಿದೆಯೇ ಎಂದೂ ಒಮ್ಮೆ ಕೇಳಿ. ಹೌದು ಎಂದರೆ ಮುಲಾಮಿನಲ್ಲಿ ದಿನ ದೂಡಲು ಬಿಡಬೇಡಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರರಲ್ಲೂ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ; ಕರೆದೊಯ್ಯುವ ತಮ್ಮನಿಗೋ ಅಳಿಯನಿಗೋ ಕೊಲೊನೊಸ್ಕೋಪಿ ಎಂಬ ಪದವನ್ನು ಚೀಟಿಯಲ್ಲಿ ಬರೆಸಿ ಕೊಡಿ.