ಮಿತ್ರನ ಆಸರೆಯಲ್ಲಿದ್ದು ಯುದ್ಧವಿಮಾನ ಆಯುವ ಬಗೆ

ವೇಗ, ಎತ್ತರ, ಕ್ಷಿಪಣಿಗಳ ಸಂಖ್ಯೆಯನ್ನು ಹೋಲಿಸುವ ಕೋಷ್ಟಕವನ್ನು ಸದ್ಯಕ್ಕೆ ಬದಿಗಿಡಿ. ಬಲಿಷ್ಠ ಮಿತ್ರನನ್ನು ನೆಚ್ಚಿಕೊಂಡ ದೇಶವು, ಆ ಮಿತ್ರ ಮುನಿಸಿಕೊಂಡರೆ ತನ್ನ ವಿಮಾನ ಎಷ್ಟು ದಿನ ಹಾರಬಲ್ಲದು ಎಂಬುದನ್ನು ಮೊದಲು ಲೆಕ್ಕ ಹಾಕಬೇಕು.

ಕೆನಡಾ ಈ ಲೆಕ್ಕವನ್ನು ತಡವಾಗಿ ಕೈಗೆತ್ತಿಕೊಂಡಿತು. 1982ರಿಂದ ಸೇವೆಯಲ್ಲಿರುವ ಸಿಎಫ್-18 ಯುದ್ಧವಿಮಾನಗಳ ಜಾಗಕ್ಕೆ ಅಮೆರಿಕದ 88 ಎಫ್-35ಗಳನ್ನು ಕೊಳ್ಳುವುದಾಗಿ 2023ರ ಜನವರಿಯಲ್ಲಿ ಘೋಷಿಸಿದ್ದ ಆ ದೇಶ, ಅಮೆರಿಕದೊಡನೆ ಸುಂಕದ ಜಗಳ ಎದ್ದ ಮೇಲೆ, ಅಂದರೆ ಮೊದಲ 16 ವಿಮಾನಗಳಿಗೆ ಹಣ ಬದ್ಧವಾದ ನಂತರ, 2025ರ ಮಾರ್ಚ್‌ನಲ್ಲಿ ಮರುಪರಿಶೀಲನೆಗೆ ಇಳಿಯಿತು.

ಬಿಡಿಭಾಗಗಳಿಂದ ಆರಂಭಿಸಿ. ಎಫ್-35ರ ಬಿಡಿಭಾಗಗಳು ಎಲ್ಲ ದೇಶಗಳೂ ಬಳಸುವ ಒಂದೇ ಜಾಗತಿಕ ದಾಸ್ತಾನಿನಿಂದ ಬರುತ್ತವೆ. ಆ ದಾಸ್ತಾನಿನ ಒಡೆತನ ಅಮೆರಿಕ ಸರ್ಕಾರದ್ದು. ಶತ್ರುವಿನ ರೇಡಾರನ್ನು ಗುರುತಿಸಲು ವಿಮಾನಕ್ಕೆ ತುಂಬುವ ದತ್ತಾಂಶವನ್ನು ಯಾರು, ಎಲ್ಲಿ ಸಿದ್ಧಪಡಿಸುತ್ತಾರೆ ಎಂಬುದನ್ನೂ ಕೇಳಿ. ದೂರದಿಂದಲೇ ವಿಮಾನವನ್ನು ಸ್ಥಗಿತಗೊಳಿಸುವ ಗುಪ್ತ ಗುಂಡಿಯ ಕಥೆಗೆ ಕಿವಿಗೊಡಬೇಕಿಲ್ಲ. ಬಿಡಿಭಾಗ, ದತ್ತಾಂಶ ನಿಂತರೆ ಗುಂಡಿಯ ಅಗತ್ಯವೇ ಬೀಳದು.

ಬೇರೆ ದೇಶದ ವಿಮಾನ ಕೊಂಡರೆ ಹಂಗು ತಪ್ಪಿತು ಎಂದು ನಂಬುವ ಮುನ್ನ ಅದರ ಎಂಜಿನ್ ಯಾರದೆಂದು ನೋಡಿ. ಸ್ವೀಡನ್ನಿನ ಗ್ರಿಪೆನ್-ಇ ಹಾರುವುದು ಅಮೆರಿಕದ ಜಿಇ ಎಫ್414 ಎಂಜಿನ್‌ನಿಂದ. ಆದ್ದರಿಂದ ಅದನ್ನು ಮಾರಲು ಅಮೆರಿಕದ ಅನುಮತಿ ಬೇಕು. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ತೇಜಸ್ ಮಾರ್ಕ್-1ಎಗಾಗಿ ಎಚ್‌ಎಎಲ್ 2021ರಲ್ಲಿ ಅದೇ ಜಿಇ ಕಂಪನಿಗೆ ಕೇಳಿದ್ದ 99 ಎಂಜಿನ್‌ಗಳಲ್ಲಿ ಮೊದಲನೆಯದು ಕೈಸೇರಿದ್ದು 2025ರ ಮಾರ್ಚ್‌ನಲ್ಲಿ. ಅಲ್ಲಿ ಯಾವ ರಾಜಕೀಯ ಮುನಿಸೂ ಇರಲಿಲ್ಲ, ಪೂರೈಕೆಯ ತೊಡಕಷ್ಟೇ ಇತ್ತು.

ಹಾಗೆಂದು ಮಿತ್ರನನ್ನು ದೂರವಿಡುವುದೂ ಅಗ್ಗದ ದಾರಿಯಲ್ಲ. 1958ರಿಂದ ನೊರಾಡ್ ಎಂಬ ಜಂಟಿ ವಾಯುರಕ್ಷಣಾ ವ್ಯವಸ್ಥೆಯ ಮೂಲಕ ಅಮೆರಿಕದೊಡನೆ ಒಂದೇ ಆಕಾಶವನ್ನು ಕಾಯುತ್ತಿರುವ ಕೆನಡಾಕ್ಕೆ ಇಬ್ಬರ ವಿಮಾನಗಳೂ ಪರಸ್ಪರ ಮಾಹಿತಿ ಹಂಚಿಕೊಳ್ಳುವಂತಿರಬೇಕು. ಎರಡು ಬಗೆಯ ವಿಮಾನಗಳನ್ನು ಇಟ್ಟುಕೊಂಡರೆ ತರಬೇತಿ, ಉಗ್ರಾಣ, ತಂತ್ರಜ್ಞರ ತಂಡ ಎಲ್ಲವೂ ಎರಡೆರಡು ಬೇಕಾಗುತ್ತವೆ. ಸಣ್ಣ ವಾಯುಪಡೆಗೆ ಅದು ಹೊರಲಾರದ ಹೊರೆ ಎಂದೇ ನನ್ನ ಅಭಿಪ್ರಾಯ. ಒಂದೇ ಬಗೆಯನ್ನು ಆಯ್ದು, ಉಳಿದ ಹಣದಲ್ಲಿ ದುರಸ್ತಿಯ ಹಕ್ಕನ್ನೂ ವರ್ಷಗಟ್ಟಲೆ ಸಾಲುವಷ್ಟು ಬಿಡಿಭಾಗಗಳನ್ನೂ ಕೊಳ್ಳುವುದು ಮೇಲು.

ಸಹಿ ಹಾಕುವ ಮುನ್ನ, ಮಿತ್ರನೇ ಮಾರಾಟವನ್ನು ತಡೆದರೆ ಹಣ ಯಾವಾಗ, ಯಾವ ರೂಪದಲ್ಲಿ ಮರಳಬೇಕು ಎಂಬುದನ್ನು ಬರೆಸಿಕೊಳ್ಳಿ. ಪಾಕಿಸ್ತಾನ ಹಣ ಕಟ್ಟಿದ್ದ 28 ಎಫ್-16ಗಳು ಅಮೆರಿಕದ 1990ರ ನಿರ್ಬಂಧದಿಂದಾಗಿ ಅರಿಜೋನಾದ ಮರುಭೂಮಿಯಲ್ಲಿ ನಿಂತವು. 1998ರ ಕೊನೆಯಲ್ಲಿ ಆದ ಇತ್ಯರ್ಥದಲ್ಲಿ ಪರಿಹಾರದ ಒಂದು ಪಾಲನ್ನು ಅದು ಗೋಧಿಯ ರೂಪದಲ್ಲಿ ಪಡೆಯಬೇಕಾಯಿತು.